ಸುಳ್ಳಲ್ಲದ ಮಾತು

ಪ್ರೀತಿಯ ಗೆಳೆಯಾ,

ಪತ್ರ ತಡವಾಯಿತು. ಎರಡು ವಾರದಿಂದ ಚೀನಾದ ಹಳೆಯ ಚಿಂತಕ ಹಾನ್ ಫೇ ನನ್ನನ್ನು ಬಿಟ್ಟಿಲ್ಲ. ‘ಮತ್ತೆ ಶುರುವಾಯಿತು’ ಎಂದು ನೀನು ಚಾಪೆ ಬಿಡಿಸುವುದು ಇಲ್ಲಿಂದಲೇ ಕಾಣುತ್ತಿದೆ. ಬಿಡಿಸು, ಕುಳಿತುಕೋ.

ಕ್ರಿಸ್ತಪೂರ್ವ 3ನೇ ಶತಮಾನದ ಚೀನಾ. ಏಳು ರಾಜ್ಯಗಳು ಒಂದನ್ನೊಂದು ನುಂಗಲು ಹೊಂಚುತ್ತಿದ್ದ ಕಾಲ. ಅವುಗಳಲ್ಲಿ ಬಲವಿಲ್ಲದ ಹಾನ್ ರಾಜ್ಯದ ಅರಸುಮನೆತನದಲ್ಲಿ ಹುಟ್ಟಿದ ಇವನಿಗೆ ಮಾತು ತೊದಲುತ್ತಿತ್ತು. ನಾಲಿಗೆಯ ಬಲದಿಂದಲೇ ಜನ ಮಂತ್ರಿಗಳಾಗುತ್ತಿದ್ದ ಕಾಲದಲ್ಲಿ ಅವನು ಬರೆಯುತ್ತ ಕುಳಿತ. ಯಾರ ಒಳ್ಳೆಯತನವನ್ನೂ ನಂಬಿ ರಾಜ್ಯ ನಡೆಸಬೇಡಿ, ಕಾನೂನು ಎಲ್ಲರಿಗೂ ಒಂದೇ ಇರಲಿ ಎಂದ. ಬಡಗಿಯ ನೂಲು ಡೊಂಕು ಮರಕ್ಕಾಗಿ ಬಾಗುವುದಿಲ್ಲ, ಹಾಗೆಯೇ ಕಾನೂನು ದೊಡ್ಡವರಿಗೆ ಬಾಗಬಾರದು ಎಂದ. ಈ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಅವನು ಹೇಳುವ ಇನ್ನೊಂದು ಕತೆಯಿದೆ: ಕುಡಿದು ಮಲಗಿದ ರಾಜನಿಗೆ ಚಳಿಯಾದೀತೆಂದು ಟೋಪಿ ನೋಡಿಕೊಳ್ಳುವವನು ನಿಲುವಂಗಿ ಹೊದಿಸಿದ, ತನ್ನದಲ್ಲದ ಕೆಲಸ ಮಾಡಿದನೆಂದು ಅವನಿಗೆ ಶಿಕ್ಷೆಯಾಯಿತು. ಹಾನ್ ಫೇ ಅದನ್ನು ಸರಿ ಎನ್ನುತ್ತಾನೆ. ನನಗೆ ಒಪ್ಪಲಾಗಲಿಲ್ಲ.

ಸ್ವಂತ ರಾಜ್ಯ ಅವನ ಬರಹಕ್ಕೆ ಕಿವಿಗೊಡಲಿಲ್ಲ. ಶತ್ರುವಾದ ಚಿನ್ ರಾಜ್ಯದ ರಾಜ ಓದಿ, ಇವನನ್ನು ಒಮ್ಮೆ ಕಂಡರೆ ಸಾಕು, ಸತ್ತರೂ ಚಿಂತೆಯಿಲ್ಲ ಎಂದನಂತೆ. ಕ್ರಿಸ್ತಪೂರ್ವ 233ರ ಸುಮಾರಿಗೆ ಹಾನ್ ಫೇ ರಾಯಭಾರಿಯಾಗಿ ಅಲ್ಲಿಗೆ ಹೋದ. ಆಸ್ಥಾನದಲ್ಲಿ ಆಗಲೇ ಲೀ ಸಿ ಎಂಬ ಅಧಿಕಾರಿ ಇದ್ದ. ಇಬ್ಬರೂ ಒಬ್ಬನೇ ಗುರುವಿನಲ್ಲಿ, ಶುನ್‌ತ್ಸು ಬಳಿ ಕಲಿತವರು. ಗೆಳೆಯ ತನಗಿಂತ ಮೇಲೆಂದು ಲೀ ಸಿಗೆ ಗೊತ್ತಿತ್ತು. ‘ಇವನು ಹಾನ್ ಮನೆತನದವನು. ಎಷ್ಟಾದರೂ ಇವನ ಮನಸ್ಸು ತನ್ನ ನಾಡಿಗೇ ಮಿಡಿಯುತ್ತದೆ, ನಮಗಲ್ಲ’ ಎಂದು ರಾಜನಿಗೆ ಹೇಳಿದ. ಸೆರೆಮನೆಯಾಯಿತು. ಲೀ ಸಿ ವಿಷ ಕಳಿಸಿದ. ರಾಜ ಮನಸ್ಸು ಬದಲಿಸಿ ಬಿಡುಗಡೆಗೆ ಆಳು ಕಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಾಜರ ಮನವೊಲಿಸುವುದು ಎಷ್ಟು ಕಷ್ಟವೆಂದು ಅಷ್ಟು ಸೂಕ್ಷ್ಮವಾಗಿ ಬರೆದವನಿಗೆ ತನ್ನನ್ನು ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂದು ಇತಿಹಾಸಕಾರ ಸಿಮಾ ಚಿಯೆನ್ ಮರುಗಿದ್ದಾನೆ.

ಇಪ್ಪತ್ತೈದು ವರ್ಷಗಳ ನಂತರ ಲೀ ಸಿಯ ತಲೆದಂಡವೂ ಆಯಿತು. ಕೊಲ್ಲಲು ಒಯ್ಯುವಾಗ ಅವನು ಮಗನಿಗೆ ಹೇಳಿದ್ದು ರಾಜ್ಯದ ವಿಷಯವನ್ನಲ್ಲ. ಹಳದಿ ನಾಯಿಯನ್ನು ಕರೆದುಕೊಂಡು ನಮ್ಮೂರ ಪೂರ್ವ ಬಾಗಿಲಿನಾಚೆ ಮೊಲದ ಬೇಟೆಗೆ ಹೋಗೋಣವೆಂದರೂ ಇನ್ನೆಲ್ಲಿ ಸಾಧ್ಯ, ಎಂದನಂತೆ. ಅವನ ಮನಸ್ಸೂ ಊರಿನಲ್ಲೇ ಇತ್ತು, ನೋಡು.

ಅಲ್ಲಿಗೆ ಪುಸ್ತಕ ಮುಚ್ಚಿದೆ. ಲೀ ಸಿ ಸುಳ್ಳು ಹೇಳಿರಲಿಲ್ಲ. ಅದೇ ನನ್ನ ನಿದ್ದೆ ಕೆಡಿಸಿದೆ.

ನಾವಿಬ್ಬರೂ ಒಂದೇ ಕಚೇರಿಯಲ್ಲಿದ್ದ ಕೊನೆಯ ವರ್ಷ, ಮೇಲಿನ ಹುದ್ದೆಗೆ ನಿನ್ನ ಹೆಸರು ಓಡುತ್ತಿದ್ದಾಗ ಸಾಹೇಬರು ನನ್ನನ್ನು ಕರೆದು ವಿಚಾರಿಸಿದ್ದರು. ‘ಕೆಲಸದಲ್ಲಿ ಅವನಿಗೆ ಸಾಟಿಯಿಲ್ಲ. ಆದರೆ ಅಮ್ಮನಿಗೆ ಹುಷಾರಿಲ್ಲ, ಅವನ ಜೀವವೆಲ್ಲ ಊರಿನ ಕಡೆಗೇ’ ಎಂದೆ. ಹಿಂದಿನ ರಾತ್ರಿ ನೀನೇ ನನ್ನ ಬಳಿ ಅತ್ತು ಹೇಳಿದ ಮಾತು ಅದು. ಅದನ್ನು ಎಲ್ಲಿ ಇಟ್ಟರೆ ಏನಾಗುತ್ತದೆಂದು ತಿಳಿದೇ ಅಲ್ಲಿಟ್ಟೆ. ಹುದ್ದೆ ನನಗೆ ಬಂತು. ನೀನು ಮೈಸೂರುಪಾಕು ತಂದು ಎಲ್ಲರಿಗೂ ಹಂಚಿದೆ.

ಇದನ್ನು ನಿನ್ನೊಬ್ಬನಿಗೇ ಹೇಳಬೇಕಿತ್ತು. ಆದರೆ ನೀನು ಎದುರಿಗಿದ್ದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ನಾಲ್ಕು ಜನರ ಕಣ್ಣೆದುರು ಬರೆದುಬಿಟ್ಟರೆ ಹಿಂತೆಗೆದುಕೊಳ್ಳಲಾಗದು ಎಂದು ಹೀಗೆ ಮಾಡಿದೆ.

ಇರಲಿ. ಹಲಸಿನ ಹಪ್ಪಳ ತಲುಪಿತು. ಎಣಿಸಿದರೆ 49. ಐವತ್ತನೆಯದು ಎಲ್ಲಿ ಹೋಯಿತೆಂದು ನಿನಗೂ ಗೊತ್ತು, ಅಮ್ಮನಿಗೂ ಗೊತ್ತು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಬೇಡವೆನಿಸಿದರೆ ಶನಿವಾರದೊಳಗೆ ಒಂದು ಮಾತು ಹೇಳು. ಇಲ್ಲವಾದರೆ ಚಾಪೆ ಮಡಿಸಬೇಡ.

ನಿನ್ನ ಗೆಳೆಯ