ಅಕ್ಷರ ಕೆಟ್ಟರೆ ಮೊದಲು ಪೆನ್ನು ನೋಡಿ

ಮಾನ್ಯರೇ,

ಮಕ್ಕಳ ಅಕ್ಷರ ಕೆಟ್ಟರೆ ಕಾಪಿ ಬರೆಸುತ್ತೇವೆ, ಕೈ ನೋವು ಎಂದರೆ ಅಭ್ಯಾಸ ಸಾಲದು ಎನ್ನುತ್ತೇವೆ. ಪೆನ್ನಿನ ಮೇಲೆ ಮಾತ್ರ ಯಾರಿಗೂ ಅನುಮಾನವೇ ಬರುವುದಿಲ್ಲ. ಇಡೀ ತರಗತಿಗೆ ಒಂದೇ ಬಗೆಯ ಪೆನ್ನು ಕಡ್ಡಾಯ ಮಾಡುವ ಶಾಲೆಗಳೂ ಇವೆ.

ಬರೆದ ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿ. ಅಕ್ಷರಗಳು ಉಬ್ಬಿ ಕೈಗೆ ತಾಗಿದರೆ ಒತ್ತಿ ಬರೆಯುವ ಕೈ ಅದು. ಸಾಮಾನ್ಯ ಬಾಲ್ ಪೆನ್ನಿನ ಶಾಯಿ ಎಣ್ಣೆಯಂಥದು, ಅಂಟಂಟು. ತುದಿಯ ಗುಂಡು ಉರುಳಿದರಷ್ಟೇ ಅದು ಇಳಿಯುತ್ತದೆ, ಉರುಳಬೇಕಾದರೆ ಒತ್ತಲೇಬೇಕು. ಪುಟಗಟ್ಟಲೆ ಬರೆಯುವವರ ಹೆಬ್ಬೆರಳು ಸೋಲುವುದು ಇಲ್ಲೇ. ಜೆಲ್ ಶಾಯಿ ಗುಂಡು ತಿರುಗಿದಾಗ ತೆಳ್ಳಗಾಗಿ ಹರಿಯುವುದರಿಂದ ಕಡಿಮೆ ಒತ್ತಡ ಸಾಕು, ಆದರೆ ರೀಫಿಲ್ ಬೇಗ ಮುಗಿಯುತ್ತದೆ. ಇಂಕ್ ಪೆನ್ನಿಗೆ ಒತ್ತಡವೇ ಬೇಡ. ಒತ್ತಿದರೆ ನಿಬ್ಬಿನ ಸೀಳು ಅಗಲವಾಗಿ ಗೆರೆ ಮಧ್ಯೆ ಕಡಿಯುತ್ತದೆ, ಕ್ರಮೇಣ ನಿಬ್ಬೇ ಹಾಳು. ಒತ್ತುವ ಅಭ್ಯಾಸ ಬಿಡಿಸಲು ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ಪೆನ್ನಿನ ಮೇಲಿರುವ 0.5, 0.7, 1.0 ಎಂಬ ಸಂಖ್ಯೆ ಗುಂಡಿನ ಅಳತೆ, ಮಿಲಿಮೀಟರಿನಲ್ಲಿ. ಗೆರೆ ಅದಕ್ಕಿಂತ ಸಣ್ಣದಾಗಿ ಬೀಳುತ್ತದೆ, ಒಂದೇ ಸಂಖ್ಯೆಯಾದರೂ ಜೆಲ್ಲಿನದು ಬಾಲ್ ಪೆನ್ನಿಗಿಂತ ದಪ್ಪ. ಸಣ್ಣಕ್ಷರ ಬರೆಯುವವರು 1.0 ಹಿಡಿದರೆ ‘ಧ’, ‘ಢ’ಗಳ ಕೆಳಗಿನ ಪುಟ್ಟ ಗೀಟು ಶಾಯಿಯಲ್ಲಿ ಮುಳುಗಿ ‘ದ’, ‘ಡ’ಗಳಂತೆ ಕಾಣುತ್ತವೆ, ಒತ್ತಕ್ಷರಗಳು ಕೆಳಸಾಲಿಗೆ ಅಂಟಿಕೊಳ್ಳುತ್ತವೆ. ಹಾಗೆಂದು ಒರಟು ಕಾಗದಕ್ಕೆ ತೀರ ಸಣ್ಣ ತುದಿಯೂ ಬೇಡ. ಕಾಗದದ ನಾರು ಸಿಕ್ಕಿಕೊಂಡು ಗೆರೆ ತಪ್ಪುತ್ತದೆ.

ಎಡಗೈಯವರ ಕಷ್ಟ ಬೇರೆಯೇ. ಬರೆದ ಸಾಲಿನ ಮೇಲೆಯೇ ಕೈ ಸಾಗುವುದರಿಂದ ಹಸಿ ಜೆಲ್ ಒರೆಸಿಹೋಗುತ್ತದೆ. ಬೇಗ ಒಣಗುವ ಶಾಯಿ, ಸಣ್ಣ ತುದಿ ಇವರಿಗೆ ಸರಿ. ಬರೆದು ಐದು ಸೆಕೆಂಡಿಗೆ ಬೆರಳೆಳೆದು ನೋಡಿದರೆ ಗೊತ್ತಾಗುತ್ತದೆ.

ಇನ್ನು ದಪ್ಪ. ಸಾಮಾನ್ಯ ಪೆನ್ಸಿಲ್ ಸುಮಾರು 7 ಮಿ.ಮೀ. ಇರುತ್ತದೆ. ಅಷ್ಟೇ ತೆಳ್ಳಗಿನ ಪೆನ್ನನ್ನು ಬಿಗಿಹಿಡಿದು ಬೆರಳ ತುದಿ ಬಿಳಿಚಿಕೊಳ್ಳುವವರು 10ರಿಂದ 12 ಮಿ.ಮೀ. ದಪ್ಪದ, ಹಿಡಿತದಲ್ಲಿ ರಬ್ಬರ್ ಇರುವ ಪೆನ್ನು ನೋಡಲಿ. ಕ್ಯಾಪನ್ನು ಹಿಂದಕ್ಕೆ ಸಿಕ್ಕಿಸಿದರೆ ಭಾರ ಬಾಲಕ್ಕೆ ಸರಿಯುತ್ತದೆ, ಆಗ ತುದಿಯನ್ನು ಕಾಗದಕ್ಕೆ ಒತ್ತಿ ಹಿಡಿಯುವ ಕೆಲಸ ಬೆರಳಿನದು.

ಅಂಗಡಿಯಲ್ಲಿ ಸುರುಳಿ ಗೀಚುವುದರಿಂದ ಏನೂ ತಿಳಿಯದು, ಸುರುಳಿಯಲ್ಲಿ ಎಂಥ ಪೆನ್ನೂ ಚೆನ್ನಾಗಿಯೇ ಓಡುತ್ತದೆ. ನಿಮ್ಮ ವೇಗದಲ್ಲಿ, ನಿಮ್ಮ ಓರೆಯಲ್ಲಿ ಐದಾರು ಸಾಲು ಬರೆಯಿರಿ. ಪೆನ್ನೆತ್ತಿ ಮತ್ತೆ ಇಟ್ಟಾಗ ಮೊದಲ ಗೆರೆ ಬರುತ್ತದೆಯೇ ಎಂಬುದೇ ಮುಖ್ಯ. ಬಾಲ್ ಪೆನ್ನನ್ನು ತೀರ ಮಲಗಿಸಿ ಬರೆದರೆ ಗುಂಡಿನ ಸುತ್ತಲಿನ ಲೋಹದ ಅಂಚು ಕಾಗದಕ್ಕೆ ತಾಗಿ ಕೆರೆಯುತ್ತದೆ. ಅದು ಪೆನ್ನಿನ ದೋಷವಲ್ಲ.

ಪೆನ್ಸಿಲ್ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಮಣ್ಣು ಹೆಚ್ಚಾದಷ್ಟೂ ಗಟ್ಟಿ, ಅದು ಎಚ್. ಗ್ರಾಫೈಟ್ ಹೆಚ್ಚಾದಷ್ಟೂ ಮೆದು, ಕಪ್ಪು, ಅದು ಬಿ. ಎಚ್‌ಬಿ ನಡುವಿನದು. ಅಕ್ಷರ ಮಸುಕೆಂದು ಒತ್ತುವ ಮಗುವಿಗೆ 2ಬಿ ಕೊಡಿ, ಪುಟವೆಲ್ಲ ಮಸಿಯಾಗುತ್ತಿದ್ದರೆ ಎಚ್. ಕೊಳ್ಳುವಾಗ ತುದಿಯನ್ನು ನೇರ ನೋಡಿ, ಕಡ್ಡಿ ನಟ್ಟನಡುವೆ ಇರಬೇಕು. ಒಂದು ಬದಿಗೆ ಸರಿದಿದ್ದರೆ ಎಷ್ಟು ಕೆತ್ತಿದರೂ ಒಂದು ಕಡೆ ಮರ ಉಳಿದು ಮೊನೆ ಮುರಿಯುತ್ತದೆ. ಕೆಳಗೆ ಬಿದ್ದ ಪೆನ್ಸಿಲಿನ ಕಡ್ಡಿ ಒಳಗೇ ತುಂಡಾಗಿರಬಹುದು, ಕೆತ್ತಿದಂತೆಲ್ಲ ಮೊನೆ ಉದುರುತ್ತದೆ, ಬೈಗುಳ ಮಾತ್ರ ಮೆಂಡರಿಗೆ. ಒತ್ತುವವರಿಗೆ 0.5ರ ಮೆಕ್ಯಾನಿಕಲ್ ಪೆನ್ಸಿಲ್ ಒಗ್ಗದು, 0.7 ತೆಗೆದುಕೊಳ್ಳಲಿ.

ಶಾಲೆಗಳು ಶಾಯಿಯ ಬಣ್ಣವನ್ನು ಬೇಕಾದರೆ ನಿಗದಿ ಮಾಡಲಿ. ಬಗೆ, ತುದಿ, ದಪ್ಪಗಳ ಆಯ್ಕೆಯನ್ನು ಮಗುವಿಗೇ ಬಿಡಬೇಕೆಂದು ಕೋರಿಕೆ.

– ಓದುಗರೊಬ್ಬರು