ಅತ್ತೆಯ ಅಪ್ಪನನ್ನು ಹುಡುಕಲು ನೆರವಾದವರಿಗೆ

ಕಾರ್ಲ್ಸ್‌ರೂಹೆಯ ನಮ್ಮ ಮನೆಯಲ್ಲಿ ಇಷ್ಟು ವರ್ಷ 'ರಷ್ಯಾದಲ್ಲೆಲ್ಲೋ' ಅಂತಿದ್ದ ಜಾಗಕ್ಕೆ ಕೊನೆಗೂ ಒಂದು ಹೆಸರು ಸಿಕ್ಕಿದೆ. ಬೆಲಾರೂಸಿನ ಬೊಬ್ರುಯಿಸ್ಕ್, 1944ರ ಜೂನ್ ಕೊನೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನಿಕನಾಗಿದ್ದ ಅತ್ತೆಯ ಅಪ್ಪ ಕಾಣೆಯಾಗಿದ್ದು ಅಲ್ಲಿ. ಆಗ ಅತ್ತೆ ತೊಟ್ಟಿಲ ಕೂಸು. ಉಳಿದ ಕಥೆ ನಿಮಗೆಲ್ಲ ಗೊತ್ತೇ ಇದೆ, ಸಿಕ್ಕವರ ತಲೆಯನ್ನೆಲ್ಲ ತಿಂದಿದ್ದೇನೆ, ಮತ್ತೆ ಮೊದಲಿಂದ ಶುರು ಮಾಡುವುದಿಲ್ಲ.

ಬರ್ಲಿನ್ನಿನಲ್ಲಿರುವ ಜರ್ಮನಿಯ ಸರ್ಕಾರಿ ದಾಖಲೆಗಳ ಭಂಡಾರ ಬುಂಡೆಸ್‌ಆರ್ಕೀಫ್‌ನವರು (ಸೈನಿಕರ ಗುರುತಿನ ಕೊರಳ ಬಿಲ್ಲೆಯ ನಂಬರು, 109ನೇ ರೆಜಿಮೆಂಟು, ಗಾಯವಾಗಿ ಆಸ್ಪತ್ರೆ ಸೇರಿದ್ದು, ಎಲ್ಲವೂ ಅವರ ಒಂದು ಪುಟ್ಟ ಕಾರ್ಡಿನಲ್ಲಿತ್ತು), ಫ್ರೈಬುರ್ಗ್‌ನಲ್ಲಿ ಯುದ್ಧದ ದಿನಚರಿ ಹುಡುಕಿಕೊಟ್ಟವರು, ನನ್ನ ಅರ್ಜಿಯ ಜರ್ಮನ್ ತಿದ್ದಿದ ಕನ್ನಡದ ಗೆಳೆಯರು, ಮಕ್ಕಳನ್ನು ನೋಡಿಕೊಂಡ ನಾದಿನಿ, ಎಲ್ಲರಿಗೂ ಥ್ಯಾಂಕ್ಸ್. ಒಂದೇ ವಾಕ್ಯದಲ್ಲಿ ಮುಗಿಸಿದಳು ಅಂತ ಬೇಜಾರು ಮಾಡಿಕೊಳ್ಳಬೇಡಿ. ಊಟಕ್ಕೆ ಕರೆಯುತ್ತೇನೆ.

ಇನ್ನು ನಮ್ಮ ಕೆಳಮನೆ ಅಜ್ಜಿ.

ಅತ್ತೆಯ ಅಟ್ಟದ ಮೇಲೆ ಅವರಪ್ಪನ ಒಂದು ಕಟ್ಟು ಕಾಗದ ಇತ್ತಲ್ಲ, ಅದೆಲ್ಲ ಹಳೇ ಜರ್ಮನ್ ಕೈಬರಹ. ಇಲ್ಲೇ ಹುಟ್ಟಿ ಬೆಳೆದ ನನ್ನ ಗಂಡನಿಗೂ ಒಂದಕ್ಷರ ತಿಳಿಯುವುದಿಲ್ಲ. 1941ರಲ್ಲಿ ಶಾಲೆಗಳಿಂದ ಆ ಬರಹ ಹೋಯಿತು, ಅದನ್ನು ಕಲಿತ ಕೊನೆಯ ಮಕ್ಕಳಲ್ಲಿ ಅಜ್ಜಿ ಒಬ್ಬರು. ಸಂಜೆ ಮೆಟ್ಟಿಲು ಹತ್ತಿ ಬಂದು, ಒಂದು ಲೋಟ ಕಾಫಿ ಕುಡಿದು, ಓದಿಕೊಡುತ್ತಿದ್ದರು.

1944ರ ಮಾರ್ಚ್ ಕಾಗದ ತೆರೆದ ರಾತ್ರಿ ಮಾತ್ರ ಬೇರೆಯೇ. ಕಳಿಸಿದವರ ವಿಳಾಸದ ಜಾಗದಲ್ಲಿ ಐದಂಕಿಯ ಸೇನಾ ಅಂಚೆ ನಂಬರು. ಪೆನ್ಸಿಲ್ ಬರಹ, ಮಡಿಕೆಯಲ್ಲೆಲ್ಲ ಅಳಿಸಿಹೋಗಿತ್ತು. ಅಜ್ಜಿ ಭೂತಗನ್ನಡಿ ಹಿಡಿದು, ಸಾಲಿನ ಕೆಳಗೆ ಉಗುರು ಎಳೆಯುತ್ತಾ ಓದಿದರು. ಕಾಲುಚೀಲ ತಲುಪಿತು. ಮಗುವಿಗೆ ಹಲ್ಲು ಬಂತಾ? ಆಮೇಲೆ ಆ ಸಾಲು. ಹಳ್ಳಿಗಳ ಜನರನ್ನು ನಡೆಸಿಕೊಂಡು ಹೋದೆವು, ಮುದುಕರು, ಎಳೆ ಮಕ್ಕಳು, ಹಿಮ ಬೀಳುತ್ತಿದೆ, ಇದನ್ನೆಲ್ಲ ಬರೆಯುವ ಹಾಗಿಲ್ಲ.

ಗಂಡ 'ಇವತ್ತಿಗೆ ಸಾಕು' ಅಂದ. ಅಜ್ಜಿ ಒಪ್ಪಲಿಲ್ಲ. "ಕಾಲುಚೀಲದ ಸಾಲು ಕೇಳಿದೆಯಲ್ಲಪ್ಪ, ಇದೂ ಅದೇ ಕೈ ಬರೆದದ್ದು" ಅಂತ ಇನ್ನೊಮ್ಮೆ, ಮೊದಲಿಗಿಂತ ನಿಧಾನವಾಗಿ ಓದಿದರು. ಓದಿ ಎದ್ದು ಹೋಗಲಿಲ್ಲ. ಬೆಳಗಿನವರೆಗೂ ಅತ್ತೆಯ ಪಕ್ಕದಲ್ಲೇ ಕೂತರು. 'ಆ ಕಾಲ ಹಾಗಿತ್ತು', 'ನಿನ್ನಪ್ಪ ಬರೀ ಗಾಡಿ ಹೊಡೆಯುತ್ತಿದ್ದರೇನೋ', ಇಂಥ ಸಮಾಧಾನದ ಮಾತು ಒಂದೂ ಆಡಲಿಲ್ಲ. ತನ್ನ ಅಣ್ಣನೂ ಅದೇ ಸೈನ್ಯದಲ್ಲಿದ್ದ, ಅವನನ್ನು ತಾನು ಏನೂ ಕೇಳಲೇ ಇಲ್ಲ ಅಂತಷ್ಟೇ ಹೇಳಿದರು, ಅದೂ ಬೆಳಗಿನ ಜಾವ.

ಆ ಮಾರ್ಚ್‌ನಲ್ಲಿ ಜರ್ಮನ್ನರ 9ನೇ ಸೇನೆ ದುಡಿಯಲಾಗದ ಜನರನ್ನೆಲ್ಲ ಬೆಲಾರೂಸಿನ ಒಜಾರಿಚಿ ಅನ್ನುವ ಹಳ್ಳಿಯ ಸುತ್ತ ಜೌಗು ನೆಲದಲ್ಲಿ ಮುಳ್ಳುತಂತಿ ಹಾಕಿ ಕೂಡಿತು. ಸೂರಿಲ್ಲ, ಬೆಂಕಿ ಹಾಕುವ ಹಾಗಿಲ್ಲ. ಕೆಲವೇ ದಿನಗಳಲ್ಲಿ ಕಡಿಮೆ ಎಂದರೂ 9,000 ಜನ ಸತ್ತರು. ಅತ್ತೆಯ ಅಪ್ಪನ 109ನೇ ರೆಜಿಮೆಂಟು ಸೇರಿದ್ದು 35ನೇ ಡಿವಿಜನ್ನಿಗೆ, ಆ ಡಿವಿಜನ್ ಈ ಕೆಲಸದಲ್ಲಿತ್ತು. ಅದರ ಜನರಲ್ ರಿಚರ್ಟ್‌ನನ್ನು 1946ರಲ್ಲಿ ಮಿನ್ಸ್ಕ್‌ನಲ್ಲಿ ಗಲ್ಲಿಗೇರಿಸಿದರು.

ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿ, ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ದಿನ ಎಡೆ ಇಡಬಹುದಲ್ವಾ ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಸಿಟ್ಟೇ ಬಂತು. ಯಾರಿಗೆ ಎಡೆ? ಆ ಹಿಮದಲ್ಲಿ ಸತ್ತ ಮಕ್ಕಳಿಗೆ ಯಾರು ಇಡುತ್ತಾರೆ? ಆ ಮನುಷ್ಯನ ಮೂಗೇ ನನ್ನ ಮಗನಿಗೂ ಬಂದಿದೆ, ಅದನ್ನು ಏನು ಮಾಡಲಿ? ಫೋನ್ ಇಟ್ಟು ತುಂಬ ಹೊತ್ತು ಅಳುತ್ತಾ ಕೂತಿದ್ದೆ.

ಎಡೆ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಬೊಬ್ರುಯಿಸ್ಕ್ ಹತ್ತಿರ ಜರ್ಮನ್ ಸೈನಿಕರ ಸ್ಮಶಾನ ಒಂದಿದೆ. ಆದರೆ ಎಂದಾದರೂ ಬೆಲಾರೂಸಿಗೆ ಹೋದರೆ ಮೊದಲು ಒಜಾರಿಚಿ ಸ್ಮಾರಕಕ್ಕೆ ಹೋಗಬೇಕು ಅಂತ ಅತ್ತೆ ಹೇಳಿದ್ದಾರೆ.

ಅಜ್ಜಿ, ಇದನ್ನು ನಿಮಗೆ ಜರ್ಮನ್‌ನಲ್ಲಿ ಓದಿ ಹೇಳುತ್ತೇನೆ. ಉಳಿದವರಿಗೆ ಒಂದು ಮಾತು. ಇಲ್ಲಿ ಯಾರ ಅತ್ತೆಮನೆಯಲ್ಲಾದರೂ ಇಂಥ ಕಾಗದ ಇದ್ದರೆ ತನ್ನಿ, ಅಜ್ಜಿ ಓದಿಕೊಡುತ್ತಾರಂತೆ. ಕಾಫಿ ಸ್ಟ್ರಾಂಗ್ ಇರಬೇಕು, ಮಧ್ಯದಲ್ಲಿ ನಿಲ್ಲಿಸು ಅನ್ನಬಾರದು, ಎರಡೇ ಷರತ್ತು.