ಎರಡು ದೋಷಕ್ಕೆ ಒಂದೇ ‘ಅಹಂಕಾರ’ವೇ?

ಮಾನ್ಯರೇ,

ಅಹವಾಲು ಸಭೆಯ ಕುರಿತ ತಮ್ಮ ವರದಿಯನ್ನೂ ಮರುದಿನದ ಸಂಚಿಕೆಯಲ್ಲಿ ಬಂದ ಅಧಿಕಾರಿಯ ಸ್ಪಷ್ಟನೆಯನ್ನೂ ಓದಿ ಈ ಪತ್ರ ಬರೆಯುತ್ತಿದ್ದೇನೆ. ಸಭೆಯಲ್ಲಿ ಮಾತನಾಡಿದ ನಿವೃತ್ತ ಪ್ರಾಧ್ಯಾಪಕರು ‘ವ್ಯಾನಿಟಿ’, ‘ಅರೊಗೆನ್ಸ್’ ಎಂದು ಅಧಿಕಾರಿಯ ಎರಡು ದೋಷಗಳನ್ನು ಬೇರೆಬೇರೆಯಾಗಿಯೇ ಎತ್ತಿ ಆಡಿದ್ದರು; ವರದಿಯು ಎರಡನ್ನೂ ‘ಅಹಂಕಾರ’ ಎಂದು ಮುಗಿಸಿತು. ಅಧಿಕಾರಿಗೆ ಅಷ್ಟೇ ಸಾಕಾಯಿತು. ‘ನನಗೆ ಅಹಂಕಾರವಿಲ್ಲ, ಎಲ್ಲ ಅರ್ಜಿದಾರರ ಪಕ್ಕದಲ್ಲೂ ನಿಂತು ಫೋಟೊ ತೆಗೆಸಿಕೊಂಡಿದ್ದೇನೆ’ ಎಂದುಬಿಟ್ಟರು. ಸ್ವಾಮಿ, ವ್ಯಾನಿಟಿ ಎಂದರೆ ಅದೇ ಅಲ್ಲವೇ?

ಲ್ಯಾಟಿನ್ನಿನಲ್ಲಿ ‘ಬರಿದು’ ಎಂಬ ಅರ್ಥದ ಮಾತಿನಿಂದ ಬಂದ ವ್ಯಾನಿಟಿಗೆ ನಮ್ಮ ಒಣಜಂಬವೇ ಸರಿಜೋಡಿ. ಅದಕ್ಕೆ ನೋಡುವವರು ಬೇಕು, ಮೆಚ್ಚುವವರು ಬೇಕು. (ಕನ್ನಡಿ, ಪೌಡರು ಇಟ್ಟುಕೊಳ್ಳುವ ವ್ಯಾನಿಟಿ ಬ್ಯಾಗಿಗೆ ಆ ಹೆಸರು ಸುಮ್ಮನೆ ಬಂದಿಲ್ಲ.) ತನಗೆ ಸಲ್ಲದ್ದನ್ನೂ ತನ್ನದೆಂದು ಹಕ್ಕು ಹೂಡುವುದೆಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ ಅರೊಗೆನ್ಸಿಗಾದರೋ ಯಾರ ಮೆಚ್ಚುಗೆಯ ಹಂಗೂ ಇಲ್ಲ, ಎದುರಿಗಿರುವವರನ್ನು ಲೆಕ್ಕಕ್ಕಿಡದ ಆ ಗುಣವನ್ನು ದರ್ಪವೆನ್ನಬೇಕು. ‘ಪ್ರೈಡ್’ ಸಂದರ್ಭ ನೋಡಿ ಹೆಮ್ಮೆಯೂ ಆದೀತು, ಗರ್ವವೂ ಆದೀತು.

ಅಂದು ಎರಡೂ ನನ್ನ ಪಾಲಿಗೆ ಬಂದವು. ಛಾಯಾಗ್ರಾಹಕರು ಬಂದಿಲ್ಲವೆಂದು ಅರ್ಜಿ ಸ್ವೀಕಾರವನ್ನೇ ತಡೆಹಿಡಿದಿದ್ದರಿಂದ, ತೀರಿಹೋದ ತಂದೆಯವರ ಹೆಸರಿನ ಜಮೀನನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳುವ ಪೌತಿ ಖಾತೆಗಾಗಿ ಬಂದ ನಾನು ಮಂಡಿನೋವಿಟ್ಟುಕೊಂಡು ಬಿಸಿಲಿನಲ್ಲಿ ನಿಂತೆ. ಕೊನೆಗೆ ಕೊಟ್ಟ ಅರ್ಜಿಯನ್ನು ನನ್ನ ಕೈಗೇ ಮರಳಿಸಿ ಮತ್ತೊಮ್ಮೆ ಕೊಡಿಸಿದರು. ಮೊದಲನೆಯ ಚಿತ್ರದಲ್ಲಿ ಸಾಹೇಬರ ಕಣ್ಣು ಮುಚ್ಚಿತ್ತಂತೆ! ಅದೇ ಮಧ್ಯಾಹ್ನ ಸ್ವೀಕೃತಿ ಕೇಳಲು ಕೊಠಡಿಗೆ ಹೋದಾಗ, ಮೊಬೈಲಿನಿಂದ ತಲೆಯೆತ್ತದೆ, ಅವರಿಗಿಂತ ಎಷ್ಟೋ ಹಿರಿಯನಾದ ನನಗೆ ‘ಹೋಗು, ಗುಮಾಸ್ತರನ್ನು ಕೇಳು’ ಎಂದರು. ಗುಮಾಸ್ತರು ರಜೆಯಲ್ಲಿದ್ದರು. ಇವರಿಗಿಂತ ಹಿಂದೆ ಇದ್ದವರು ರೈತರಿಂದ ಚಪ್ಪಲಿ ಬಿಡಿಸಿಯೇ ಒಳಗೆ ಕರೆಯುತ್ತಿದ್ದರು. ಆದರೆ ಅವರದು ಬರೀ ದರ್ಪ, ಫೋಟೊದ ಕಾಟವಾದರೂ ಇರಲಿಲ್ಲ.

ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು ಉಪಾಧ್ಯಾಯರಾಗಿದ್ದ ಮಂಡ್ಯದ ಸುದ್ದಿಯಲ್ಲೇ ಪದಗಳಿಗೆ ಇಷ್ಟು ಬರವೇ? ಪತ್ರಿಕೆಯು ವರದಿಯನ್ನು ತಿದ್ದಿ ಪ್ರಕಟಿಸಲಿ. ಮೇಲಧಿಕಾರಿಗಳು ಇವರಿಗೆ ಬುದ್ಧಿ ಹೇಳಲಿ, ಇಲ್ಲವೇ ನನ್ನ ಖಾತೆಯನ್ನಾದರೂ ಮಾಡಿಸಿಕೊಡಲಿ. ಏನೂ ಮಾಡದವರು ಇಂತಹ ಸಭೆಗಳನ್ನು ಯಾವ ಸುಖಕ್ಕೆ ಕರೆಯುತ್ತಾರೋ!

– ಒಬ್ಬ ಅರ್ಜಿದಾರ, ಮಂಡ್ಯ